ಫಸ್ಟ್ ಬೇಸಿನಿಂದ ಪದ್ಮನಾಭರನ್ನು ಇಳಿಸಲು ಹೋದದ್ದು

"ಈ ಸಲ ಟೀಮನ್ನ ಬುಡದಿಂದ ಹೊಸದಾಗಿ ಕಟ್ಟದೇ ಇದ್ರೆ ನನ್ನ ಹೆಸರು ಬದರೀನಾಥನೇ ಅಲ್ಲ!" ಎಂದು ನಾನು ಗುಡುಗಿದಾಗ ನನ್ನ ಬಲಗೈಯಲ್ಲಿ ಸಾರಿನ ಸೌಟಿತ್ತು.

"ಹೆಸರು ಆಮೇಲೆ ಬದಲಾಯಿಸ್ಕೊಳಿ, ಮೊದಲು ಸೌಟು ಕೆಳಗಿಡಿ. ಸಾರೆಲ್ಲ ಟೇಬಲ್ ಮೇಲೆ," ಎಂದಳು ನನ್ನ ಹೆಂಡತಿ ವಸುಧಾ.

ಹದಿಮೂರು ವರ್ಷದ ಮಗಳು ತನಿಷಾ ತಟ್ಟೆಯಿಂದ ತಲೆ ಎತ್ತದೆ, "ಡ್ಯಾಡ್, ಯು ಸೆಡ್ ದಟ್ ಲಾಸ್ಟ್ ಇಯರ್," ಎಂದಳು.

ಸಾಮ್ರಾಜ್ಯ ಕಟ್ಟಿದವರಿಗೆಲ್ಲ ಮನೆಯಲ್ಲಿ ಇಂಥದೇ ಪ್ರೋತ್ಸಾಹ ಸಿಕ್ಕಿರಬೇಕು. ನಾನು ಎದೆಗುಂದಲಿಲ್ಲ.

ವಿಷಯ ಇಷ್ಟು. ಶಿಕಾಗೋ ಕಡೆಯ ಕನ್ನಡಿಗರೂ ಡೆಟ್ರಾಯಿಟ್ ಕಡೆಯ ಕನ್ನಡಿಗರೂ ಪ್ರತಿ ಜುಲೈನಲ್ಲಿ ಎರಡೂ ಊರಿಗೆ ನಡುಮಧ್ಯದ ಕಲಮಝೂ ಹತ್ತಿರ ಒಂದು ಪಾರ್ಕಿನಲ್ಲಿ ಸೇರುತ್ತೇವೆ. ಪಿಕ್‌ನಿಕ್ ಎನ್ನುವುದು ನೆಪ, ಅಸಲು ವಿಷಯ ಸಾಫ್ಟ್‌ಬಾಲ್ ಮ್ಯಾಚು. ಸಾಫ್ಟ್‌ಬಾಲ್ ಎಂದರೆ ಬೇಸ್‌ಬಾಲಿನ ತಂಗಿ. ಚೆಂಡು ಸ್ವಲ್ಪ ದಪ್ಪ, ಎಸೆತ ಸ್ವಲ್ಪ ನಿಧಾನ, ನಮ್ಮಂಥವರ ಮಂಡಿಗಳಿಗೆ ಹೇಳಿ ಮಾಡಿಸಿದ ಆಟ. ಸೋತ ತಂಡ ಗೆದ್ದ ತಂಡಕ್ಕೆ ಊಟ ಬಡಿಸಬೇಕು, ಉಪ್ಪಿನಕಾಯಿಯಿಂದ ಹಿಡಿದು ಮೊಸರನ್ನದವರೆಗೆ. ನಾಲ್ಕು ವರ್ಷದಿಂದ ಬಡಿಸುತ್ತಿದ್ದವರು ನಾವು! ಡೆಟ್ರಾಯಿಟ್ ಕ್ಯಾಪ್ಟನ್ ವೆಂಕಟರಾಮು ಪ್ರತಿ ವರ್ಷ ಕಾಲು ಚಾಚಿ ಕೂತು, "ಬದರಿ, ಬಿಸಿಬೇಳೆಬಾತ್ ಮೇಲೆ ಸ್ವಲ್ಪ ತುಪ್ಪ... ಧಾರಾಳವಾಗಿ ಹಾಕಪ್ಪಾ," ಎನ್ನುವಾಗ ನನ್ನ ಹೊಟ್ಟೆಯಲ್ಲಿ ಬೀಳುತ್ತಿದ್ದ ಬೆಂಕಿಗೆ ಆ ತುಪ್ಪವೇ ಸಾಕಾಗುತ್ತಿತ್ತು.

ನಮ್ಮ ತಂಡದ ಮ್ಯಾನೇಜರು, ಕ್ಯಾಪ್ಟನ್ನು, ತಂತ್ರಜ್ಞ, ಎಲ್ಲವೂ ನಾನೇ. ಯಾರೂ ನನ್ನನ್ನು ಆರಿಸಿರಲಿಲ್ಲ. ಮೊದಲ ವರ್ಷ ಬ್ಯಾಟು ತಂದವನು ನಾನಾದ್ದರಿಂದ ಪದವಿ ತಾನಾಗಿಯೇ ಬಂತು. ಆಡುವ ಜಾಗ ಶಾರ್ಟ್‌ಸ್ಟಾಪ್, ಅಂದರೆ ಎರಡನೇ ಬೇಸಿಗೂ ಮೂರನೇ ಬೇಸಿಗೂ ಮಧ್ಯೆ, ಅತಿ ಹೆಚ್ಚು ಚೆಂಡು ಬರುವ ಆಯಕಟ್ಟಿನ ಸ್ಥಳ. ಸೇನಾಧಿಪತಿ ನಿಲ್ಲಬೇಕಾದದ್ದು ಅಲ್ಲೇ ತಾನೆ?

ಹೊಸದಾಗಿ ಕಟ್ಟುವ ಹುಚ್ಚು ನನಗೆ ಹಿಡಿದದ್ದು ಶಿವಬಸಪ್ಪನವರ ಬೇಸ್‌ಮೆಂಟಿನಲ್ಲಿ. ಅವರು ಹುಬ್ಬಳ್ಳಿಯವರು, ಆಸ್ಪತ್ರೆಯಲ್ಲಿ ಅರಿವಳಿಕೆ ಡಾಕ್ಟರು, ಶಿಕಾಗೋ ಪಕ್ಕದ ವೆಸ್ಟ್‌ಮಂಟ್‌ನಲ್ಲಿ ನಮ್ಮಿಂದ ಎರಡು ಬೀದಿ ಆಚೆ ಮನೆ. ಪ್ರತಿ ಶನಿವಾರ ಮಧ್ಯಾಹ್ನ ನಾವೆಲ್ಲ ಅಲ್ಲಿ ಸೇರಿ ಅವರ ದೊಡ್ಡ ಟೀವಿಯಲ್ಲಿ ಶಿಕಾಗೋದ ಬೇಸ್‌ಬಾಲ್ ತಂಡ ಕಬ್ಸ್ ಸೋಲುವುದನ್ನು ನೋಡುತ್ತಿದ್ದೆವು. ಅದು ಎರಡು ಸಾವಿರದ ಹತ್ತನೇ ಇಸವಿ. ಕಬ್ಸ್ ಕೊನೆಯ ಸಲ ಚಾಂಪಿಯನ್ ಆಗಿ ನೂರೆರಡು ವರ್ಷ ಕಳೆದಿತ್ತು.

"ಹಳಬರನ್ನೆಲ್ಲ ಕಳಿಸಿಬಿಡ್ಬೇಕು! ಮೂರು ವರ್ಷ ಸೋತರೂ ಪರವಾಗಿಲ್ಲ, ಹೊಸ ಹುಡುಗರನ್ನ ಬೆಳೆಸ್ಬೇಕು," ಎಂದು ನಾನು ಸೋಫಾ ಗುದ್ದುತ್ತಿದ್ದೆ.

"ಸೋಲಾಕ ಮತ್ತ ಮೂರು ವರ್ಷ ಯಾಕ್ರೀ ಬದರಿಯವ್ರ? ನೂರು ವರ್ಷದ ಅನುಭವ ಐತಲ್ಲ!" ಎನ್ನುತ್ತಿದ್ದರು ಶಿವಬಸಪ್ಪ.

"ಅದೆಲ್ಲ ಬೇಡ ಸಾರ್. ಒಬ್ಬ ದೊಡ್ಡ ಸ್ಟಾರನ್ನ ಎತ್ತಾಕ್ಕೊಂಡು ಬಂದ್ರೆ ಮಿಕ್ಕಿದ್ದೆಲ್ಲ ತಾನೇ ಸರಿಹೋಗುತ್ತೆ," ಎನ್ನುವುದು ಗೋಪಿಯ ವಾದ. ಅವನು ಬೆಂಗಳೂರಿನವನು, ನಮ್ಮ ತಂಡದಲ್ಲಿ ವೇಗವಾಗಿ ಓಡಬಲ್ಲ ಏಕೈಕ ವ್ಯಕ್ತಿ.

ಮೂಲೆಯ ಒರಗುಕುರ್ಚಿಯಲ್ಲಿ ಕೂತು ಕೋಡುಬಳೆ ಮುರಿಯುತ್ತಿದ್ದ ಪದ್ಮನಾಭ ಅವರು ಕೊನೆಗೆ ಮೆಲ್ಲಗೆ ಹೇಳುತ್ತಿದ್ದರು: "ಹಳೇ ಅಕ್ಕಿನೇ ಕಣ್ರಯ್ಯಾ ಅನ್ನಕ್ಕೆ ಚೆನ್ನಾಗಿರೋದು."

ಪದ್ಮನಾಭ ಅವರಿಗೆ ಅರವತ್ತೊಂದು. ಮೈಸೂರಿನವರು. ಬೋಲಿಂಗ್‌ಬ್ರೂಕ್‌ನಲ್ಲಿ ಮನೆ. ನಮ್ಮ ತಂಡದ ಫಸ್ಟ್ ಬೇಸ್ ಅವರದು. ಅಲ್ಲಿ ಹೆಚ್ಚು ಓಡಬೇಕಾಗಿಲ್ಲ. ಒಂದು ಕಾಲು ಬೇಸಿನ ಮೇಲಿಟ್ಟು, ಬ್ಯಾಟು ಬೀಸಿದವನು ಓಡಿ ಬಂದು ಮುಟ್ಟುವ ಮೊದಲು, ನಾವೆಲ್ಲ ಕಂಡಕಂಡ ಹಾಗೆ ಎಸೆದ ಚೆಂಡನ್ನು ಹಿಡಿಯಬೇಕು. ಆದರೆ ಎಡಮಂಡಿಗೆ ಪಟ್ಟಿ, ಬಲಮಂಡಿಗೆ ಮುಲಾಮು ಹಚ್ಚಿಕೊಂಡು ಬರುತ್ತಿದ್ದ ಅವರು ಬಗ್ಗುವಷ್ಟರಲ್ಲಿ ಚೆಂಡು ಪಾರ್ಕಿಂಗ್ ಲಾಟ್ ತಲುಪಿರುತ್ತಿತ್ತು.

ಮೇ ತಿಂಗಳಲ್ಲಿ ಒಂದು ಸುದ್ದಿ ಬಂತು. ಡೆಟ್ರಾಯಿಟ್ ಪಕ್ಕದ ಲಿವೋನಿಯಾದ ಸಾಕೇತ್ ನಮ್ಮ ಕಡೆಗೆ ಬರುತ್ತಿದ್ದಾನೆ!

ಸಾಕೇತ್ ಯಾರು ಎಂದು ಕೇಳಬೇಡಿ. ಹಿಂದಿನ ವರ್ಷ ಡೆಟ್ರಾಯಿಟ್ ಪರವಾಗಿ ಆಡಿ, ನಮ್ಮ ಚೆಂಡನ್ನು ಪಾರ್ಕಿನಾಚೆಯ ಕೆರೆಗೆ ಅಟ್ಟಿ, ಅಲ್ಲಿ ಕೂತಿದ್ದ ಬಾತುಕೋಳಿಗಳನ್ನೆಲ್ಲ ಎಬ್ಬಿಸಿದ ಇಪ್ಪತ್ನಾಲ್ಕರ ಹುಡುಗ. ಹುಟ್ಟಿದ್ದು ಅಮೆರಿಕದಲ್ಲೇ, ಕಾಲೇಜು ತಂಡದಲ್ಲಿ ಬೇಸ್‌ಬಾಲ್ ಆಡಿದವನು. ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ. ಆ ಕೆಲಸ ಹೋಯಿತು. ಬೋಲಿಂಗ್‌ಬ್ರೂಕ್‌ನ ಒಂದು ಗೋದಾಮಿನಲ್ಲಿ ಆರು ತಿಂಗಳ ಕಾಂಟ್ರ್ಯಾಕ್ಟ್ ಸಿಕ್ಕಿತ್ತು.

"ಅಯ್ಯೋ ಪಾಪ," ಎಂದಳು ವಸುಧಾ.

"ಪಾಪ!" ಎಂದೆ ನಾನೂ.

"ನಿಮ್ಮ ಮುಖ ನೋಡಿದ್ರೆ ಪಾಪ ಅಂದ ಹಾಗೆ ಕಾಣ್ಸಲ್ಲ ರೀ. ಹಬ್ಬ ಬಂದ ಹಾಗಿದೆ."

ಒಪ್ಪಿಕೊಳ್ಳುತ್ತೇನೆ, ನನಗೆ ನಾಚಿಕೆಯಾಯಿತು. ಸುಮಾರು ಅರ್ಧ ನಿಮಿಷ. ಆರ್ಥಿಕ ಕುಸಿತದ ಆ ವರ್ಷ ಯಾರ ಕೆಲಸ ಯಾವಾಗ ಹೋಗುತ್ತದೋ ಗೊತ್ತಾಗುತ್ತಿರಲಿಲ್ಲ. ನಮ್ಮ ಬಡಾವಣೆಯಲ್ಲೇ ನಾಲ್ಕು ಮನೆ ಮುಂದೆ ಮಾರಾಟದ ಫಲಕ ನಿಂತಿತ್ತು. ಒಬ್ಬರನ್ನೊಬ್ಬರು ಭೇಟಿಯಾದಾಗ "ಕೆಲಸ ಹೇಗಿದೆ?" ಎಂದು ಕೇಳುವುದನ್ನೇ ನಾವೆಲ್ಲ ಬಿಟ್ಟುಬಿಟ್ಟಿದ್ದೆವು. ಬೇಸ್‌ಬಾಲ್ ಬಗ್ಗೆ ಅಷ್ಟೊಂದು ಕೂಗಾಡಲು ಅದೂ ಒಂದು ಕಾರಣವಿರಬಹುದು.

ದೊಡ್ಡ ತಂಡಗಳು ಸ್ಟಾರ್ ಆಟಗಾರನನ್ನು ಸೆಳೆಯಲು ಏಜೆಂಟರನ್ನು ಕಳಿಸುತ್ತವೆ, ವಿಮಾನ ಕಳಿಸುತ್ತವೆ. ನಮ್ಮ ಬಳಿ ಇದ್ದದ್ದು ಮಸಾಲೆದೋಸೆ. ಸಾಕೇತ್ ಬಂದ ಮೊದಲ ಭಾನುವಾರವೇ ತಿಂಡಿಗೆ ಕರೆದೆ. ಆಟದ ವಿಷಯ ಎತ್ತಲಿಲ್ಲ. ಬಂದ ಕೂಡಲೇ ಕೇಳಿದರೆ ಏನೆಂದುಕೊಂಡಾನು? ಎರಡನೇ ಭಾನುವಾರವೂ ಎತ್ತಲಿಲ್ಲ. ದೋಸೆಯ ಜೊತೆಗೆ ಕೇಸರಿಬಾತು ಹಾಕಿಸಿದೆ. ಮೂರನೇ ಭಾನುವಾರ ಅವನು ಒಂಬತ್ತನೇ ದೋಸೆ ಮುಗಿಸಿ ಕಾಫಿ ಕುಡಿಯುವಾಗ, ಗಂಟಲು ಸರಿಮಾಡಿಕೊಂಡು, ಹವಾಮಾನದಿಂದ ಶುರುಮಾಡಿ, ಕನ್ನಡಿಗರ ಐಕ್ಯತೆಯ ಮೂಲಕ ಹಾದು, ಕೊನೆಗೂ ಸಾಫ್ಟ್‌ಬಾಲಿಗೆ ಬಂದೆ.

"ಅಂಕಲ್," ಎಂದ ಸಾಕೇತ್, "ಯು ಕುಡ್ ಹ್ಯಾವ್ ಜಸ್ಟ್ ಆಸ್ಕ್ಡ್. ಐ ವುಡ್ ಹ್ಯಾವ್ ಸೆಡ್ ಯೆಸ್ ದ ಫಸ್ಟ್ ಸಂಡೇ."

ವಸುಧಾ ಒಮ್ಮೆ ಕಾವಲಿಯನ್ನು ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಕಾವಲಿಗಿಂತ ಅವಳೇ ಹೆಚ್ಚು ಬಿಸಿಯಾಗಿದ್ದಳು.

ಸ್ಟಾರ್ ಸಿಕ್ಕ! ಈಗ ಒಂದು ಸಣ್ಣ ತೊಡಕು. ಆಡುವವರು ಹತ್ತೇ ಜನ. ಬದಲಿ ಆಟಗಾರರ ಪದ್ಧತಿಯಿಂದ ಮನಸ್ತಾಪವಾಗುತ್ತದೆಂದು ಹಿರಿಯರು ಮೊದಲ ವರ್ಷವೇ ಅದನ್ನು ಕಿತ್ತುಹಾಕಿದ್ದರು. ನಾವು ಆಗಲೇ ಹತ್ತು ಜನ ಇದ್ದೆವು. ಒಬ್ಬರು ಜಾಗ ಬಿಡಲೇಬೇಕು.

ಪದ್ಮನಾಭ ಅವರಿಲ್ಲದ ಒಂದು ಶನಿವಾರ ನೋಡಿ ಬೇಸ್‌ಮೆಂಟಿನಲ್ಲಿ ತುರ್ತುಸಭೆ ಕರೆದೆ.

"ನೋಡ್ರಪ್ಪಾ, ತಂಡದ ಹಿತಕ್ಕೋಸ್ಕರ ನಮ್ಮಲ್ಲಿ ಒಬ್ಬರು ಜಾಗ ಬಿಟ್ಟುಕೊಡ್ಬೇಕು. ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಾಯಿ ಬಿಟ್ಟು ಹೇಳೋದು ಬೇಡ."

ಎಲ್ಲರೂ ನನ್ನನ್ನೇ ನೋಡಿದರು. ನಾಯಕನ ಮೇಲೆ ಎಂಥ ವಿಶ್ವಾಸ! ನನ್ನ ಕಣ್ಣು ತೇವವಾಯಿತು.

"ಅವರಿಗೆ ಹೇಳೋರು ಯಾರು ಅನ್ನೋದೇ ಪ್ರಶ್ನೆ," ಎಂದೆ.

"ಹೌದ್ರೀ, ಅದಾ ಪ್ರಶ್ನೆ," ಎಂದು ಶಿವಬಸಪ್ಪ ನಿಟ್ಟುಸಿರುಬಿಟ್ಟರು.

"ನೀವೇ ಹೇಳಿಬಿಡಿ ಡಾಕ್ಟ್ರೇ."

ಅವರು ಬೆಚ್ಚಿಬಿದ್ದು, "ನಾನಾ? ಈಗಾ? ನಂದು ಮಂದಿಗೆ ಎಚ್ಚರ ತಪ್ಪಸೂ ಕೆಲಸರೀ, ಎಚ್ಚರ ಹೇಳೂದಲ್ಲ!" ಎಂದರು. ಗೋಪಿಗೆ ತಟ್ಟನೆ ಹಾಲು ತರುವುದು ನೆನಪಾಗಿ ಎದ್ದು ಹೋದ.

"ಸರಿ, ನಾನೇ ಹೇಳ್ತೀನಿ," ಎಂದೆ. ಅವರೆಲ್ಲ ಮುಖಮುಖ ನೋಡಿಕೊಂಡರು.

ಹೇಳುವುದೆಂದರೆ ಹೇಗೆ? ನಮ್ಮಲ್ಲಿ ಯಾರ ಮುಖಕ್ಕಾದರೂ "ನೀವು ಬೇಡ" ಎಂದು ಹೇಳಿದವರು ಉಂಟೇ? ಬೇಡದ ಮೂರನೇ ಲೋಟ ಕಾಫಿಯನ್ನೇ ಬೇಡ ಎನ್ನಲಾಗದೆ ಕುಡಿಯುವ ಜನ ನಾವು. ಮೊದಲ ಪ್ರಯತ್ನವನ್ನು ಫೋನಿನಲ್ಲಿ ಮಾಡಿದೆ. ನಲವತ್ತು ನಿಮಿಷ ಅವರ ಟೊಮೇಟೊ ಗಿಡದ ಬಗ್ಗೆ ಮಾತಾಡಿ ಇಟ್ಟೆ. ಎರಡನೆಯದಕ್ಕೆ ಬೋಲಿಂಗ್‌ಬ್ರೂಕ್‌ಗೇ ಡ್ರೈವ್ ಮಾಡಿದೆ.

"ಸಾರ್, ನಿಮ್ಮ ಮಂಡಿ ನೋವು...?" ಎಂದು ಶುರುಮಾಡಿದೆ.

"ನೀನೊಬ್ಬನೇ ಕಣಯ್ಯಾ ಕೇಳೋನು!" ಎಂದು ಅವರು ನನ್ನ ಕೈ ಹಿಡಿದುಕೊಂಡರು. ಅವರ ಹೆಂಡತಿ ಸುಹಾಸಿನಿಯವರು ಮೆಂತ್ಯದ ಚಪಾತಿ ಕಟ್ಟಿಕೊಟ್ಟರು. ಬರುವಾಗ ನನ್ನ ಕಾರಿನಲ್ಲಿ ಎಂಟು ಚಪಾತಿ, ಎರಡು ಟೊಮೇಟೊ ಸಸಿ, ಜೊತೆಗೆ ಅವರ ಹಿತ್ತಿಲ ಬೇಲಿಗೆ ಬಣ್ಣ ಹೊಡೆಯಲು ಮುಂದಿನ ಶನಿವಾರ ಬರುತ್ತೇನೆಂದು ನಾನೇ ಕೊಟ್ಟ ಮಾತು.

"ಹೇಳಿದ್ರಾ?" ಎಂದು ಕೇಳಿದಳು ವಸುಧಾ.

"ಸೂಚ್ಯವಾಗಿ."

"ಅವರಿಗೆ ಅರ್ಥ ಆಯ್ತಾ?"

"ಬೇಲಿಗೆ ಹಸಿರು ಬಣ್ಣ ಅಂತೆ," ಎಂದೆ.

ಬೇಲಿಗೆ ಬಣ್ಣ ಹೊಡೆಯುತ್ತಿರುವಾಗಲೇ ನನಗೆ ಜ್ಞಾನೋದಯವಾಯಿತು. ನಮ್ಮ ನಾಡಿನಲ್ಲಿ ಒಬ್ಬರನ್ನು ಗೌರವವಾಗಿ ಕುರ್ಚಿಯಿಂದ ಇಳಿಸುವುದು ಹೇಗೆ? ಸನ್ಮಾನ! ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ! ಒಮ್ಮೆ ಶಾಲು ಹೊದಿಸಿ ನಾಲ್ಕು ಮಾತು ಹೊಗಳಿಬಿಟ್ಟರೆ ಎಂಥವರಿಗೂ ತಮ್ಮ ಕಾಲ ಮುಗಿಯಿತೆಂದು ತಾನಾಗಿ ತಿಳಿಯುತ್ತದೆ. ಅಮೆರಿಕದವರು ಬೇಸ್‌ಬಾಲ್ ಕಂಡುಹಿಡಿದರು, ಸರಿ. ಆಟಗಾರನನ್ನು ನೋವಿಲ್ಲದೆ ಕಳಿಸುವ ಕಲೆಯಲ್ಲಿ ನಾವು ಅವರಿಗಿಂತ ಸಾವಿರ ವರ್ಷ ಮುಂದೆ!

ಜೂನ್ ಕೊನೆಯ ಭಾನುವಾರ, ನಮ್ಮ ಹತ್ತಿರದ ಪಾರ್ಕಿನ ಚಪ್ಪರದಡಿಯಲ್ಲಿ ಸಮಾರಂಭ. ಶಾಲು ವಸುಧಾಳ ಬೀರುವಿನಿಂದ ಬಂತು. ಅವಳ ಅಣ್ಣ ಕೊಟ್ಟಿದ್ದ ಕಾಶ್ಮೀರಿ ಶಾಲು, ಅವಳ ಅನುಮತಿಯನ್ನು ಆಮೇಲೆ ಪಡೆಯಲಾಯಿತು. ಮೈಸೂರು ಪೇಟ ಎಲ್ಲೂ ಸಿಗಲಿಲ್ಲ. ತನಿಷಾಳ ಭರತನಾಟ್ಯದ ಜರಿ ದುಪಟ್ಟಾವನ್ನು ಅವಳ ಸೈಕಲ್ ಹೆಲ್ಮೆಟ್ ಮೇಲೆ ಸುತ್ತಿ ಪಿನ್ನು ಹಾಕಿದೆ. ದೂರದಿಂದ ನೋಡಿದರೆ ಸಾಕ್ಷಾತ್ ದಿವಾನರ ಪೇಟ. ಹತ್ತಿರದಿಂದ ನೋಡಿದರೆ ಗದ್ದದ ಕೆಳಗೆ ಬಕಲ್ ನೇತಾಡುತ್ತಿತ್ತು.

ಪದ್ಮನಾಭ ಅವರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಬಂದು, ಕುರ್ಚಿಯ ತುದಿಯಲ್ಲಿ ಮದುಮಗನಷ್ಟು ಸಂಕೋಚದಿಂದ ಕೂತರು. ನಾನು ಅಭಿನಂದನಾ ಭಾಷಣ ಆರಂಭಿಸಿದೆ.

"ಫಸ್ಟ್ ಬೇಸಿನ ಧ್ರುವತಾರೆಯಾಗಿದ್ದ ಪದ್ಮನಾಭರು ನಮ್ಮೊಡನೆ ಆಡಿದರು, ಓಡಿದರು, ಬಿದ್ದರು, ಎದ್ದರು! ಅವರು ಹಿಡಿದ ಚೆಂಡುಗಳನ್ನು ನಾವು ಮರೆಯಲಾರೆವು! ಅವರ ನೆನಪು ನಮ್ಮೊಂದಿಗೆ ಸದಾ..."

ವಸುಧಾ ನನ್ನ ಜುಬ್ಬಾ ಎಳೆದಳು. "ರೀ, ಇದು ಸನ್ಮಾನಾನೋ ಶ್ರದ್ಧಾಂಜಲಿನೋ? ಮನುಷ್ಯ ಎದುರಿಗೇ ಕೂತಿದಾರೆ!"

ಶಾಲು ಹೊದಿಸಿದೆ. ಪೇಟ ತೊಡಿಸಿದೆ. ನಡುವೆ ಅನಾನಸ್ ನಿಲ್ಲಿಸಿದ ಹಣ್ಣಿನ ಬುಟ್ಟಿಯನ್ನು ಕೈಗಿಟ್ಟೆ. ಚಪ್ಪಾಳೆಯಾಯಿತು. ಇನ್ನೇನು ಅವರು ಎದ್ದು "ವಯಸ್ಸಾಯಿತು, ಕಿರಿಯರಿಗೆ ದಾರಿ ಬಿಡುತ್ತೇನೆ" ಎನ್ನುವುದೊಂದೇ ಬಾಕಿ.

ಅವರು ಎದ್ದರು. ಪೇಟ ಸರಿಮಾಡಿಕೊಂಡರು.

"ನಾನು ಒಂದು ವಿಷಯ ಯಾರಿಗೂ ಹೇಳಿರಲಿಲ್ಲ," ಎಂದರು. "ಹೋದ ಅಕ್ಟೋಬರ್‌ನಲ್ಲಿ ನನ್ನ ಕೆಲಸ ಹೋಯ್ತು. ಇಪ್ಪತ್ತೇಳು ವರ್ಷ ಒಂದೇ ಕಂಪನಿ. ಒಂದು ಗುರುವಾರ ಬೆಳಗ್ಗೆ ಕರೆದರು. ರೂಮಲ್ಲಿ ಇಬ್ಬರು ಕೂತಿದ್ರು, ಇಬ್ಬರದ್ದೂ ಹೆಸರು ಗೊತ್ತಿಲ್ಲ ನಂಗೆ. ಗಡಿಯಾರ ನೋಡಿದೆ, ಹನ್ನೊಂದು ನಿಮಿಷ. ಒಂದು ರಟ್ಟಿನ ಡಬ್ಬ ಕೊಟ್ಟು ಬಾಗಿಲ ತನಕ ಒಬ್ಬನ್ನ ಜೊತೆಗೆ ಕಳಿಸಿದ್ರು. ಒಂದು ಲೋಟ ಕಾಫಿ ಕುಡೀತೀರಾ ಅಂತಲೂ ಕೇಳಲಿಲ್ಲ." ಅವರು ಶಾಲಿನ ಅಂಚನ್ನು ಸವರಿಕೊಂಡರು. "ಅವತ್ತಿಂದ ನಾನು ಯಾತಕ್ಕೂ ಬೇಡದವನು ಅನ್ನಿಸ್ತಿತ್ತು. ಫಸ್ಟ್ ಬೇಸಲ್ಲಿ ನಿಂತಾಗ ಮಾತ್ರ, ಯಾರೋ ನನ್ನ ಕಡೆ ಚೆಂಡು ಎಸೀತಾರೆ, ನಾನು ಇಲ್ಲಿ ಇರಬೇಕು ಅನ್ಸೋದು. ಇವತ್ತು ನೀವು... ನನ್ನಂಥ ಕುಂಟನಿಗೆ..."

ಗದ್ದದ ಕೆಳಗಿನ ಬಕಲ್ ನಡುಗುತ್ತಿತ್ತು. ಯಾರಿಗೂ ನಗು ಬರಲಿಲ್ಲ. ಸುಹಾಸಿನಿಯವರು ಸೆರಗು ಕಣ್ಣಿಗೊತ್ತಿಕೊಂಡರು.

"ಬದರಿ ಕೊಟ್ಟ ಈ ಗೌರವದಿಂದ ನಂಗೆ ಹತ್ತು ವರ್ಷ ಕಮ್ಮಿ ಆಗಿದೆ ಕಣ್ರಯ್ಯಾ! ಭಗವಂತ ಶಕ್ತಿ ಕೊಟ್ರೆ ಇನ್ನು ಹತ್ತು ವರ್ಷ ಫಸ್ಟ್ ಬೇಸ್ ಬಿಡಲ್ಲ ನಾನು!"

"ಹೊಡೀರಿ ಚಪ್ಪಾಳೆ!" ಎಂದು ಶಿವಬಸಪ್ಪ ಮೂಗು ಒರೆಸಿಕೊಳ್ಳುತ್ತಲೇ ಅಬ್ಬರಿಸಿದರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಸಾಕೇತ್.

ನಾನೂ ತಟ್ಟಿದೆ. ನನಗೆ ನಾಚಿಕೆಯಾಗಿತ್ತು. ಈ ಸಲ ಅದು ಅರ್ಧ ನಿಮಿಷದ್ದಲ್ಲ. ಎಂಟು ತಿಂಗಳು ಪ್ರತಿ ಶನಿವಾರ ಪಕ್ಕದಲ್ಲೇ ಕೂತು ಕೋಡುಬಳೆ ತಿಂದಿದ್ದೆವು. ಕಬ್ಸ್ ತಂಡದ ಇಪ್ಪತ್ತೈದು ಜನರ ಹಣೆಬರಹ ನನಗೆ ಬಾಯಿಪಾಠವಾಗಿತ್ತು, ಈ ಮನುಷ್ಯನದು ಗೊತ್ತಿರಲಿಲ್ಲ.

ಮನೆಗೆ ಬರುವಾಗ ಕಾರಿನಲ್ಲಿ ವಸುಧಾ ಕೇಳಿದಳು. "ಈಗ ಹನ್ನೊಂದು ಜನ ಆದ್ರಲ್ಲ. ಏನ್ಮಾಡ್ತೀರಿ?"

"ಅವರನ್ನ ತೆಗೆಯೋದು ನನ್ನ ಕೈಲಿ ಆಗಲ್ಲ ವಸು. ನಾನೇ ಬಿಟ್ಟುಬಿಡ್ತೀನಿ."

ಅವಳು ಪೂರ್ತಿ ನನ್ನ ಕಡೆ ತಿರುಗಿದಳು. "ನಿಜವಾಗ್ಲೂ ರೀ? ಆಮೇಲೆ ಮನಸ್ಸು ಬದಲಾಯಿಸಲ್ಲ ತಾನೆ?" ಅವಳ ಮುಖದಲ್ಲಿ ಅಂಥ ಹೊಳಪನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ. ಗಂಡನ ತ್ಯಾಗ ಕಂಡು ಹೆಮ್ಮೆ ಪಟ್ಟಳು ಎಂದುಕೊಂಡೆ.

ಜುಲೈ ಎರಡನೇ ಶನಿವಾರ ಬೆಳಗ್ಗೆ ಕಲಮಝೂ ಪಾರ್ಕಿನಲ್ಲಿ ಆಗಲೇ ಎಂಬತ್ತೆಂಟು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಹತ್ತು ಹೆಸರಿನ ಚೀಟಿ ಕೊಡುವ ಸಮಯ. ನಾನು ತಂಡವನ್ನು ಮರದ ಕೆಳಗೆ ಕರೆದು, ಟೋಪಿ ತೆಗೆದು, ಕಂಪಿಸುವ ಕಂಠದಲ್ಲಿ ಹೇಳಿದೆ: "ಗೆಳೆಯರೇ, ತಂಡದ ಹಿತಕ್ಕಾಗಿ ಇವತ್ತು ನಾನೇ ಹೊರಗೆ ಕೂತ್ಕೋತೀನಿ. ಶಾರ್ಟ್‌ಸ್ಟಾಪ್‌ನಲ್ಲಿ ಸಾಕೇತ್ ಆಡಲಿ."

ಹೇಳಿ ನಿಲ್ಲಿಸಿದೆ. "ಛೆ ಛೆ, ಎಲ್ಲಾದ್ರೂ ಉಂಟೇ!" ಎನ್ನಲು ಅವರಿಗೆ ಅವಕಾಶ ಕೊಡಬೇಕಲ್ಲ. ಹೆಚ್ಚೆಂದರೆ ಮೂರು ಸಲ ಬಲವಂತ ಮಾಡಿಸಿಕೊಂಡು, ಆಮೇಲೂ ಒಪ್ಪದೆ, ಎಲ್ಲರ ಕಣ್ಣಲ್ಲೂ ನೀರು ತರಿಸುವುದು ನನ್ನ ಯೋಜನೆ.

ದೂರದಲ್ಲಿ ಯಾರೋ ಕೂಲರಿನಲ್ಲಿ ಐಸ್ ಸುರಿಯುವುದು ಕೇಳಿಸಿತು.

"ಬಾಳ ಚಲೋ ಆತ್ರೀ," ಎಂದರು ಶಿವಬಸಪ್ಪ. "ಬರ್ರಿ ಬರ್ರಿ, ಚೀಟಿ ಬರೀರಿ ಲಗೂನ."

"ಒಳ್ಳೇ ಡಿಸಿಷನ್ ಸಾರ್!" ಎಂದು ಗೋಪಿ ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದ. ಮಿಕ್ಕವರೂ ಸಾಲಾಗಿ ಬಂದು ಕೈಕುಲುಕಿದರು, ಮದುವೆಮನೆಯ ವೇದಿಕೆಯ ಮೇಲೆ ಕುಲುಕುವ ಹಾಗೆ.

ನಾನು ವಸುಧಾಳ ಪಕ್ಕ ಮಡಚುವ ಕುರ್ಚಿಯಲ್ಲಿ ಕೂತೆ. ನಮ್ಮ ತಂಡವನ್ನು ಹೊರಗಿನಿಂದ ನೋಡಿದ್ದು ಅದೇ ಮೊದಲು. ಏನಾಶ್ಚರ್ಯ, ಚೆನ್ನಾಗಿಯೇ ಆಡುತ್ತಿತ್ತು! ಶಾರ್ಟ್‌ಸ್ಟಾಪ್ ಕಡೆ ಹೋದ ಚೆಂಡು ವಾಪಸ್ ಬರುತ್ತಿತ್ತು. ಆ ದೃಶ್ಯ ನನಗೆ ಹೊಸದು.

ಕೊನೆಯ ಸರದಿಯ ಹೊತ್ತಿಗೆ ನಾವು ಹದಿನಾಲ್ಕು, ಅವರು ಹದಿಮೂರು. ಅವರಲ್ಲಿ ಇಬ್ಬರು ಔಟಾಗಿದ್ದರು, ಮೂರನೆಯವನೂ ಔಟಾದರೆ ಆಟ ನಮ್ಮದು. ಆದರೆ ಒಬ್ಬ ಮೂರನೇ ಬೇಸಿನಲ್ಲಿ ಹೊಂಚು ಹಾಕುತ್ತಿದ್ದ. ಬ್ಯಾಟು ಹಿಡಿದವರು ಸ್ವತಃ ವೆಂಕಟರಾಮು. ಬೀಸಿದರು. ಚೆಂಡು ನೆಲ ಸವರಿಕೊಂಡು ಸಾಕೇತ್ ಕಡೆ ನುಗ್ಗಿತು. ಅವನು ಬಾಚಿ ಎತ್ತಿ ಫಸ್ಟ್ ಬೇಸಿಗೆ ಎಸೆದ, ಆದರೆ ಸ್ವಲ್ಪ ಕೆಳಗೆ! ಅಯ್ಯೋ, ಬಗ್ಗಬೇಕು! ನಾನು ಕಣ್ಣು ಮುಚ್ಚಿಕೊಂಡೆ.

"ನೋಡ್ರೀ! ನೋಡ್ರೀ!" ಎಂದು ವಸುಧಾ ನನ್ನ ತೋಳು ಜಗ್ಗಿದಳು.

ಪದ್ಮನಾಭ ಅವರು ಒಂದು ಕಾಲು ಬೇಸಿನ ಮೇಲೇ ಇಟ್ಟುಕೊಂಡು ಧೂಳಿನಲ್ಲಿ ದೊಪ್ಪನೆ ಕೂತಿದ್ದರು. ಎತ್ತಿಹಿಡಿದ ಕೈಗವಸಿನೊಳಗೆ ಚೆಂಡು! ಅಂಪೈರ್ ಆಗಿ ಬಂದಿದ್ದ ಪಕ್ಕದ ಪಿಕ್‌ನಿಕ್ಕಿನ ಅಮೆರಿಕನ್ ಅಜ್ಜ ಮುಷ್ಟಿ ಬೀಸಿ "ಔಟ್!" ಎಂದು ಕೂಗಿದ. ಸಾಕೇತ್ ಓಡಿಹೋಗಿ ಅವರನ್ನು ಎತ್ತಿ ನಿಲ್ಲಿಸಿ ತಬ್ಬಿಕೊಂಡ. ಎರಡು ವಾರದಿಂದ ಆ ಇಬ್ಬರೂ ಪ್ರತಿ ಸಂಜೆ ಬೋಲಿಂಗ್‌ಬ್ರೂಕ್‌ನಲ್ಲಿ ಚೆಂಡು ಎಸೆದುಕೊಂಡು ಅಭ್ಯಾಸ ಮಾಡುತ್ತಿದ್ದರಂತೆ. ಕೆಲಸ ಕಳೆದುಕೊಂಡ ಆ ಹಿರಿಯರೂ ಹುಡುಗನೂ ಏನೇನು ಮಾತಾಡಿಕೊಂಡರೋ, ನಾನು ಕೇಳಲಿಲ್ಲ. ನನಗೆ ಅಳು ಬಂತು, ಅತ್ತುಬಿಟ್ಟೆ. ಮ್ಯಾನೇಜರು ಅಳಬಾರದೆಂದು ಯಾವ ರೂಲ್ ಬುಕ್ಕಿನಲ್ಲೂ ಇಲ್ಲ.

ಐದು ವರ್ಷದಲ್ಲಿ ಮೊದಲ ಸಲ ನಾನು ಕೂತೆ, ವೆಂಕಟರಾಮು ಬಡಿಸಿದರು. ತುಪ್ಪ ಹಾಕಿಸಿಕೊಂಡೆ, ಧಾರಾಳವಾಗಿ. ಮೊಸರನ್ನದ ಹೊತ್ತಿಗೆ ಪದ್ಮನಾಭ ಅವರು ತಟ್ಟೆ ಹಿಡಿದು ಬಂದು ನನ್ನ ಪಕ್ಕ ಕೂತರು.

"ಬದರಿ, ನಿಂಗೊಂದು ವಿಷಯ ಹೇಳ್ಬೇಕಯ್ಯಾ. ಬೇಜಾರು ಮಾಡ್ಕೋಬಾರದು."

"ಹೇಳಿ ಸಾರ್."

"ಏಪ್ರಿಲ್‌ನಲ್ಲಿ ಹುಡುಗರೆಲ್ಲ ನಮ್ಮ ಮನೆಗೆ ಬಂದಿದ್ರು. ಶಿವಬಸಪ್ಪ, ಗೋಪಿ, ಎಲ್ಲಾರೂ. 'ನೀವು ಹಿರಿಯರು, ನೀವು ಹೇಳಿದ್ರೆ ಬದರಿ ಕೇಳ್ತಾರೆ. ಅವರು ಮ್ಯಾನೇಜರ್ ಆಗಿರಲಿ ಸಾಕು, ಆಡೋದು ಮಾತ್ರ ಬೇಡ ಅಂತ ಹೇಗಾದ್ರೂ ಮಾಡಿ ಹೇಳಿಬಿಡಿ' ಅಂದ್ರು."

ನನ್ನ ಕೈಯಲ್ಲಿದ್ದ ಮೊಸರನ್ನ ಬಾಯಿಗೆ ಹೋಗದೆ ನಿಂತಿತು.

"ಹೇಳಕ್ಕೆ ನಂಗೆ ಬಾಯೇ ಬರಲಿಲ್ಲ ಕಣಯ್ಯಾ," ಎಂದರು ಅವರು ನಿಜವಾದ ಸಂಕಟದಿಂದ. "ನೀನು ಫೋನ್ ಮಾಡಿದಾಗ ಹೇಳೋಣ ಅಂದ್ಕೊಂಡೆ, ಟೊಮೇಟೊ ವಿಷಯ ಮಾತಾಡಿಬಿಟ್ಟೆ. ಮನೆಗೆ ಬಂದಾಗ ಹೇಳೋಣ ಅಂತ ಕೈ ಕೂಡ ಹಿಡ್ಕೊಂಡೆ. ಮಂಡಿ ಹೇಗಿದೆ ಅಂತ ಆಗಲೇ ಕೇಳಿಬಿಟ್ಟಿದ್ದೆ ನೀನು, ಹೇಳೋ ಬದಲು ಚಪಾತಿ ಕಟ್ಟಿಸಿಕೊಟ್ಟೆ. ಬೇಲಿಗೆ ಬಣ್ಣ ಹೊಡೆಸಿದ್ದೂ ಆ ನೆಪದಲ್ಲಾದ್ರೂ ಹೇಳೋಣ ಅಂತಾನೇ. ಆಮೇಲೆ ನೀನು ಶಾಲು ಬೇರೆ ಹೊದಿಸಿಬಿಟ್ಟೆ! ಎಂಥ ದೊಡ್ಡ ಮನಸ್ಸು ನಿಂದು. ನಾವು ಹೇಳೋಕ್ ಮುಂಚೆ ನೀನೇ ಅರ್ಥ ಮಾಡ್ಕೊಂಡು ಬಿಟ್ಟುಕೊಟ್ಟೆಯಲ್ಲ!"

"ಹೂಂ ಸಾರ್," ಎಂದೆ. ಅವರು ನನ್ನ ಬೆನ್ನು ತಟ್ಟಿ, ತಮ್ಮ ತಟ್ಟೆಯ ಹಪ್ಪಳವನ್ನು ನನ್ನ ತಟ್ಟೆಗೆ ಹಾಕಿ ಎದ್ದುಹೋದರು.

ವಾಪಸ್ ಬರುವಾಗ ಇಪ್ಪತ್ತು ಮೈಲಿ ಹೈವೇಯ ಫಲಕಗಳನ್ನೆಲ್ಲ ಓದಿಕೊಂಡು ಬಂದೆ. ಆಮೇಲೆ, ಮನಸ್ಸಿಗೇನೂ ನೋವಾಗಿಲ್ಲ ಎಂದು ತೋರಿಸಲು, ಒಂದು ಹಳೆಯ ಭಾವಗೀತೆಯನ್ನು ಜೋರಾಗಿ ಎತ್ತಿಕೊಂಡೆ. ಪಲ್ಲವಿ ಮುಗಿಸಿ, ಚರಣಕ್ಕೆ ಮುಂಚೆ ಸಹಜವಾಗಿ ಎಂಬಂತೆ ಕೇಳಿದೆ. "ವಸು, ನಾನು ಅಷ್ಟು ಕೆಟ್ಟದಾಗಿ ಆಡ್ತೀನಿ ಅಂ‌ತ ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು ರೀ."

"ದಿನಾ ನನ್ನ ಕಾಲೆಳೆಯೋ ನೀನು, ಈ ಒಂದು ಮಾತು ಹೇಳಬಾರದಿತ್ತಾ?"

ಅವಳು ಕೈ ಚಾಚಿ ನನ್ನ ಭುಜದ ಮೇಲಿಟ್ಟಳು. ದನಿಯಲ್ಲಿ ಪ್ರೀತಿಯೇ ಇತ್ತು.

"ಕಾಲೆಳೆಯೋದು ಸುಲಭ ರೀ. ನೀವು ಪ್ರಾಣ ಬಿಡೋ ವಿಷಯದಲ್ಲಿ ನಿಜ ಹೇಗೆ ಹೇಳೋದು? ಹದಿನೇಳು ವರ್ಷದಿಂದ ನಿಮ್ಮ ಹಾಡಿನ ಬಗ್ಗೆನೇ ನಾನು ಬಾಯಿ ಬಿಟ್ಟಿಲ್ಲ!"

ಚರಣ ನನ್ನ ಗಂಟಲಲ್ಲೇ ಉಳಿಯಿತು. ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಾಳೆ ಎಂದು ನಾನು ಭಾವಿಸಿದ್ದ ತನಿಷಾ, ಜೀವನದಲ್ಲಿ ಮೊದಲ ಸಲ ಅಚ್ಚಕನ್ನಡದಲ್ಲಿ ಹೇಳಿದಳು:

"ಅಮ್ಮಾ, ತುಂಬಾ ಉಪಕಾರ ಆಯ್ತು."